ಯಾರೂ ತೋಡದ ತಗ್ಗು

"ಏಳೇ ಸಾಸಿವೆ, ವ್ಯಾನು ಬಂದು ನಿಂತಿದೆ," ಎನ್ನುತ್ತ ಅವಳು ಮಗುವಿನ ಕಂಕುಳಿಗೆ ಎರಡೂ ಕೈ ಹಾಕಿ ಎತ್ತಿದಳು. ಮಗು ಹಾಸಿಗೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತ್ತು. ಮಗುವಿನ ಜೊತೆ ಹಾಸಿಗೆಯೂ ಒಂದು ಮಗ್ಗುಲಿಗೆ ಎದ್ದು ಬಂತು. ಕೈ ಸೋತು ಬಿಟ್ಟಾಗ ಎರಡೂ ಒಟ್ಟಿಗೆ ಮಂಚದ ಮೇಲೆ ಧೊಪ್ಪೆಂದು ಬಿದ್ದವು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಧೂಳು ಹಾರಿತು.

"ನಾನು ಏಳಲ್ಲ ಚಿಕ್ಕಮ್ಮ."

"ಯಾಕೆ ಏಳಲ್ಲ?"

"ನಾನೆದ್ರೆ ತಾತನ ತಗ್ಗು ಹೋಗಿಬಿಡುತ್ತೆ."

ಅವಳು ಸಿಟಿ ಬಸ್ಸಿನ ಕಂಡಕ್ಟರು. ಬೀದಿಯವರಿಗೆಲ್ಲ ಅವಳು ಕಂಡಕ್ಟರಮ್ಮ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ "ಒಳಗೆ ನಡೀರಿ, ಒಳಗೆ ನಡೀರಿ, ಮಧ್ಯದಲ್ಲಿ ಮೈದಾನ ಖಾಲಿ ಇದೆ" ಎಂದು ಕೂಗಿ ಇನ್ನೂ ಹತ್ತು ಜನರಿಗೆ ಜಾಗ ಮಾಡಿಸುವ ಗಂಟಲು ಅವಳದು. ಅಂಥ ಗಂಟಲಿಗೆ ಇವತ್ತು ಎಂಟು ವರ್ಷದ ಒಂದು ಮಗು ಜಗ್ಗಲಿಲ್ಲ. ಕೂಗೋಣವೆಂದರೆ ಗಂಟಲೂ ಕೈಕೊಟ್ಟಿತ್ತು. ಹೊರಗಿನ ಕೋಣೆಯಲ್ಲಿ ಅವಳ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದರು. ಬೆಳಿಗ್ಗೆ ಆಸ್ಪತ್ರೆಯಿಂದ ತಂದ ಮೇಲೆ ಅವಳು ಬಂದವರಿಗೆಲ್ಲ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಯಾರು ಯಾವ ಗಾಡಿಯಲ್ಲಿ ಬರಬೇಕೆಂದು ಹಂಚಿದಳು. ಅಳುವುದಕ್ಕೆ ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ.

ಅಪ್ಪ ಹಾಸಿಗೆ ಹೊಲಿಯುವವರು. ಮೂಳೆ ಮೇಲೆ ಚರ್ಮ ಹೊದ್ದಂತಿದ್ದ ಸಣ್ಣ ಆಳಾದರೂ, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಮಲಗಿ ತಮ್ಮ ಹಾಸಿಗೆಯ ಎಡಬದಿಯಲ್ಲಿ ತಮ್ಮಷ್ಟೇ ಉದ್ದದ ಒಂದು ತಗ್ಗು ಮಾಡಿಕೊಂಡಿದ್ದರು. ಊರಿನವರ ಹಾಸಿಗೆಯನ್ನೆಲ್ಲ ಬಿಚ್ಚಿ, ಹತ್ತಿ ಹಿಂಜಿ, ಉಬ್ಬಿಸಿ ಕೊಡುವವರಿಗೆ ತಮ್ಮದನ್ನು ಬಿಚ್ಚಲು ಎಂದೂ ಬಿಡುವಾಗಲಿಲ್ಲ. ಸಾಸಿವೆ ಈಗ ಆ ತಗ್ಗಿನಲ್ಲಿ ಬೋರಲು ಮಲಗಿ, ತನ್ನ ಚೂರು ಮೈಯನ್ನು ಎಷ್ಟು ಅಗಲ ಮಾಡಲು ಸಾಧ್ಯವೋ ಅಷ್ಟು ಅಗಲ ಮಾಡಿಕೊಂಡಿದ್ದಳು.

ಬಾಗಿಲಲ್ಲಿ ದೊಡ್ಡಪ್ಪ ಕಾಣಿಸಿಕೊಂಡರು. ಅಪ್ಪನ ಅಣ್ಣ. ಮನೆಯಲ್ಲಿ ಹುಟ್ಟಾಗಲಿ ಸಾವಾಗಲಿ, ಮುಂದೆ ನಿಂತು ತೀರ್ಮಾನ ಹೇಳುವುದು ಅವರ ಹುಟ್ಟುಗುಣ.

"ಮಗೂನ ಯಾಕಮ್ಮ ಎಬ್ಬಿಸ್ತೀಯ? ಪಕ್ಕದ ಮನೇಲಿ ಬಿಟ್ಟು ಬಾ," ಎಂದರು. ಆಮೇಲೆ ದನಿ ತಗ್ಗಿಸಿ, "ತಾತನೂ ಸರೋವರದ ಊರಿಗೆ ಹೋದ್ರು ಅಂದ್ರಾಯ್ತು. ಒಂದ್ಸಲ ನಡೆದಿದ್ದು ಇನ್ನೊಂದ್ಸಲ ನಡೆಯಲ್ವಾ?"

ಕಂಡಕ್ಟರಮ್ಮ ಎದ್ದು ಅವರನ್ನು ಬಾಗಿಲಾಚೆ ಕರೆದುಕೊಂಡು ಹೋದಳು.

"ಈ ಸಲ ಇಲ್ಲ ದೊಡ್ಡಪ್ಪ. ಅವಳು ಬರ್ತಾಳೆ, ನೋಡ್ತಾಳೆ. ಅವಳ ಅಮ್ಮನ ವಿಷಯಾನೂ ಇವತ್ತೇ ಹೇಳ್ತೀನಿ. ಅಪ್ಪಂಗೆ ಮಾತು ಕೊಟ್ಟಿದೀನಿ."

"ಇವತ್ತೇನಾ? ಒಂದೇ ದಿನ ಎರಡು ಸಾವು ಹೇಳ್ತೀಯಾ ಆ ಕೂಸಿಗೆ?"

ಅವಳು ತಿರುಗಿ ಕೋಣೆಯೊಳಗೆ ಬಂದಳು. ಅವರು ಕೇಳಿದ್ದು ತಪ್ಪಲ್ಲ.

* * *

ಸಾಸಿವೆಯ ಅಮ್ಮ, ಅಂದರೆ ಕಂಡಕ್ಟರಮ್ಮನ ಅಕ್ಕ, ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಆಗ ಮಗುವಿಗೆ ನಾಲ್ಕು ವರ್ಷ. ಮಗುವಿನ ಅಪ್ಪ ಎನ್ನುವವನು ಅದಕ್ಕೂ ಮೊದಲೇ ಕೈಕೊಡವಿಕೊಂಡು ಹೋಗಿದ್ದ. ಮಣ್ಣು ಮಾಡುವ ದಿನ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಸಂಜೆ ಕರೆದುಕೊಂಡು ಬಂದಾಗ ಅದು ಚಪ್ಪಲಿ ಬಿಡುವ ಮೊದಲೇ "ಅಮ್ಮ ಎಲ್ಲಿ?" ಎಂದು ಕೇಳಿತು.

ಮನೆಯಲ್ಲಿ ಇದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಪ್ಪ ಗೋಡೆ ನೋಡಿದರು. ಗೋಡೆಯ ಮೇಲೊಂದು ಕ್ಯಾಲೆಂಡರ್. ಅದರಲ್ಲಿ ಬಿಳಿ ತಲೆಯ ಬೆಟ್ಟಗಳು, ಬೆಟ್ಟಗಳ ಮಧ್ಯೆ ನೀಲಿ ಸರೋವರ.

"ಅಮ್ಮ ದೊಡ್ಡ ಸರೋವರ ಇರೋ ಊರಿಗೆ ಹೋಗಿದಾಳೆ ಪುಟ್ಟಿ. ಅಲ್ಲಿ ಕೆಲಸ ಸಿಕ್ಕಿದೆ," ಎಂದರು.

ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ, ಅವರಿಗೆ ಸಿಕ್ಕಿದ್ದು ಕ್ಯಾಲೆಂಡರ್. ಆದರೆ ಹೇಳಿದವರು ಮಾರನೇ ದಿನ ತಮ್ಮ ಮನೆಗೆ ಹೋದರು. ಆ ಸುಳ್ಳಿನ ಜೊತೆ ಸಂಸಾರ ಮಾಡುವುದು ಉಳಿದವರ ಪಾಲಿಗೆ ಬಂತು. ಮಗು ದಿನಾ ಸಂಜೆ ಗೇಟಿನ ಬಳಿ ನಿಲ್ಲುತ್ತಿತ್ತು. ಕಂಡಕ್ಟರಮ್ಮನನ್ನು ಕೇಳಿದರೆ ಅವಳು ಡ್ಯೂಟಿ ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು. ಸಿಕ್ಕಿಬೀಳುತ್ತಿದ್ದುದು ಅಪ್ಪ. ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ದಬ್ಬಣ ಹಿಡಿದು ಕೂತ ಮನುಷ್ಯ ಎಲ್ಲಿಗೆ ತಾನೇ ಓಡಿಹೋಗುತ್ತಾನೆ?

"ತಾತ, ಅಮ್ಮ ಅಲ್ಲಿ ಏನು ಮಾಡ್ತಿದಾಳೆ?"

ಅಪ್ಪ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ದಬ್ಬಣಕ್ಕೆ ಪೋಣಿಸಲು ನೋಡುತ್ತಿದ್ದರು. ದಾರ ಹೋಗುತ್ತಲೇ ಇರಲಿಲ್ಲ.

"ಅಮ್ಮ ಯಾವಾಗ ಬರ್ತಾಳೆ?"

ದಾರ ಆಗಲೂ ಹೋಗುತ್ತಿರಲಿಲ್ಲ.

ಒಂದು ದಿನ ಮಗು ಬೇರೆಯೇ ಒಂದು ಪ್ರಶ್ನೆ ಕೇಳಿತು. "ಆ ಸರೋವರಾನ ಯಾರು ತೋಡಿದ್ದು?"

ಅಪ್ಪನ ಮುಖ ಅರಳಿದ್ದನ್ನು ಕಂಡಕ್ಟರಮ್ಮ ಒಳಗಿನಿಂದ ಕಂಡಳು. ಸುಳ್ಳು ಹೇಳದೆ ಉತ್ತರಿಸಬಹುದಾದ ಪ್ರಶ್ನೆಯೊಂದು ಕೊನೆಗೂ ಬಂದಿತ್ತು.

"ಕೆರೆ ಬೇರೆ, ಸರೋವರ ಬೇರೆ ಕಣೇ ಸಾಸಿವೆ. ಕೆರೆ ಜನ ತೋಡಿದ್ದು. ಸರೋವರ ಯಾರೂ ತೋಡಿದ್ದಲ್ಲ. ತಾನಾಗಿ ಆಗಿದ್ದು."

"ತಾನಾಗಿ ಹೇಗೆ ಆಗುತ್ತೆ?"

"ಅದನ್ನ... ನಾಳೆ ಹೇಳ್ತೀನಿ."

ಯಾಕೆಂದರೆ ಅವರಿಗೂ ಗೊತ್ತಿರಲಿಲ್ಲ. ಅಂದಿನಿಂದ ದಿಂಬು ತುಂಬಿಸಲು ಬಂದವರನ್ನೆಲ್ಲ ಅವರು ಅದೇ ಕೇಳುತ್ತಿದ್ದರು. ಗಿರಾಕಿಗಳ ಪೈಕಿ ಭೂಗೋಳ ಕಲಿಸುವ ಮೇಡಂ ಒಬ್ಬರಿದ್ದರು, ಕತ್ತುನೋವಿನವರು. ಅವರು ಬಂದಾಗ ಅಪ್ಪ ಕೆಲಸ ನಿಧಾನ ಮಾಡುತ್ತಿದ್ದರು. ಒಂದು ದಿಂಬಿಗೆ ಒಂದು ಸರೋವರ ಎಂಬ ಲೆಕ್ಕದಲ್ಲಿ ಮೇಡಂ ಹೇಳುತ್ತಿದ್ದರು. ಅಪ್ಪ ಅದನ್ನು ಅರ್ಧಂಬರ್ಧ ಅರ್ಥ ಮಾಡಿಕೊಂಡು ಸಂಜೆ ಮಗುವಿಗೆ ದಾಟಿಸುತ್ತಿದ್ದರು.

ಬೆಂಕಿ ಕಾರುವ ಬೆಟ್ಟ ಸುಮ್ಮನಾದ ಮೇಲೆ ಅದರ ಬಾಯಲ್ಲಿ ಮಳೆನೀರು ನಿಲ್ಲುತ್ತದೆ ಎನ್ನುವುದಕ್ಕೆ ದಿಂಬಿನ ನೆತ್ತಿಗೆ ಒಂದು ಗುದ್ದು. ಬೆಟ್ಟ ಜರಿದು ನದಿಗೆ ಅಡ್ಡ ಬಿದ್ದರೆ ಹಿಂದೆ ನೀರು ತುಂಬಿಕೊಳ್ಳುತ್ತದೆ ಎನ್ನುವುದಕ್ಕೆ ಉರುಟು ದಿಂಬನ್ನು ಅಡ್ಡ ಇಟ್ಟದ್ದು. ವಕ್ರ ವಕ್ರವಾಗಿ ಹರಿಯುವ ನದಿ ಒಮ್ಮೆ ಬೇಸತ್ತು ನೆಟ್ಟಗೆ ಹೋದರೆ ಹಳೆಯ ತಿರುವೊಂದು ನೀರಿನ ಸಮೇತ ಹಿಂದೆ ಉಳಿದುಬಿಡುತ್ತದೆ ಎನ್ನುವುದಕ್ಕೆ, ಬಟ್ಟೆಯ ಮೇಲೆ ಬೇಕೆಂದೇ ಸಡಿಲ ಬಿಟ್ಟ ಒಂದು ಸುತ್ತು ದಾರ.

"ಪಾಪ, ಅದನ್ನ ಬಿಟ್ಟು ಹೋಯ್ತಾ ನದಿ?" ಎಂದು ಮಗು ಕೇಳಿದ್ದಕ್ಕೆ ಅಪ್ಪ ಆ ದಾರವನ್ನು ಎಳೆದು ಬಿಗಿ ಮಾಡಿ, "ಇಲ್ಲ ಇಲ್ಲ, ಮಳೆಗಾಲದಲ್ಲಿ ಬಂದು ಮಾತಾಡಿಸಿಕೊಂಡು ಹೋಗುತ್ತೆ," ಎಂದಿದ್ದರು.

* * *

ಒಂದು ಭಾನುವಾರ ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಬಂದಾಗ ಅಪ್ಪನ ಮಂಚದ ಮೇಲೆ ರಬ್ಬರ್ ಶೀಟು ಹಾಸಿತ್ತು. ತಾತ, ಮೊಮ್ಮಗಳು ಇಬ್ಬರೂ ಅದರ ಮೇಲೆ ಮಂಡಿಯೂರಿ ಕೂತಿದ್ದರು. ಅಪ್ಪನ ಕೈಯಲ್ಲಿ ತುಂಬಿದ ಚೊಂಬು.

"ಈಗ ನೋಡು. ಇಲ್ಲಿ ನಾನು ಮುಷ್ಟಿಯಿಂದ ಒತ್ತಿದೀನಿ, ಇದು ತಗ್ಗು. ನೀರು ಹುಯ್ತೀನಿ. ಸರೋವರ ಆಗುತ್ತೆ."

ಹುಯ್ದರು. ನೀರು ಆ ಮುಷ್ಟಿಯ ತಗ್ಗಿನಲ್ಲಿ ಒಂದು ಕ್ಷಣ ನಿಂತಂತೆ ಮಾಡಿ, ಅಂಚು ದಾಟಿ, ಸರಸರನೆ ಎಡಕ್ಕೆ ಹರಿದು, ಅಪ್ಪ ದಿನಾ ಮಲಗುವ ಜಾಗಕ್ಕೇ ಹೋಗಿ ಸೇರಿತು. ರಬ್ಬರ್ ಶೀಟಿನಲ್ಲೊಂದು ತೂತಿತ್ತು. ಹಾಸಿಗೆ ನೀರು ಕುಡಿಯತೊಡಗಿತು.

"ನೀರಿಗೆ ಮುಲಾಜಿಲ್ಲ ಕಣೇ! ನಾನು ತೋರಿಸಿದ ಕಡೆ ನಿಲ್ಲಲಿಲ್ಲ. ತಗ್ಗು ಎಲ್ಲಿದೆ ಅಂತ ಅದಕ್ಕೇ ಗೊತ್ತು," ಎಂದು ಅಪ್ಪ ಹಿಗ್ಗಿ ಹೀರೇಕಾಯಿ ಆದರು.

"ನಿಮ್ಮ ತಲೆ ಗೊತ್ತು ಅದಕ್ಕೆ! ರಾತ್ರಿ ಎಲ್ಲಿ ಮಲಗ್ತೀರಿ?" ಎಂದು ಕಂಡಕ್ಟರಮ್ಮ ಟಿಕೆಟಿನ ಚೀಲ ಬಿಸಾಡಿ ಇಬ್ಬರನ್ನೂ ಬೈದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಅಪ್ಪ ಒಪ್ಪುತ್ತಲೇ ಇರಲಿಲ್ಲ. ಕಾಲು ಇದ್ದಷ್ಟು ಹಾಸಿಗೆ ಹೊಲಿ ಎನ್ನುವುದು ಅವರ ಪಾಠ. ಆ ರಾತ್ರಿ ಮಾತ್ರ ಅವರು ಅಂಗಡಿಯಲ್ಲಿ ಹೊಲಿದಿಟ್ಟಿದ್ದ ಯಾರದೋ ಮಗುವಿನ ಹಾಸಿಗೆಯ ಮೇಲೆ ಕಾಲು ಮಡಚಿಕೊಂಡು ಮಲಗಿದರು.

ಮಂಜುಗಡ್ಡೆಯ ಕತೆ ಬಂದದ್ದು ಅದಾದ ಮೇಲೆ. ಹಿಂದೆ ಯಾವುದೋ ಕಾಲದಲ್ಲಿ ಕೆಲವು ದೇಶಗಳ ನೆಲದ ಮೇಲೆ ಬೆಟ್ಟದಷ್ಟು ದಪ್ಪ ಮಂಜುಗಡ್ಡೆ ಕೂತಿತ್ತಂತೆ. ಅದು ನೆಲವನ್ನು ಕೆರೆಯಿತು, ಅದುಮಿತು. ಅದು ಕರಗಿದಾಗ ಆ ತಗ್ಗುಗಳಲ್ಲೆಲ್ಲ ನೀರು ನಿಂತು ಸಾವಿರಾರು ಸರೋವರಗಳಾದವಂತೆ. ಇನ್ನೂ ಸೋಜಿಗವೆಂದರೆ, ಭಾರ ಹೋಗಿ ಎಷ್ಟು ಸಾವಿರ ವರ್ಷವಾದರೂ ಆ ನೆಲ ಈಗಲೂ ಮೆಲ್ಲಮೆಲ್ಲಗೆ ಮೇಲೇಳುತ್ತಿದೆ ಎಂದು ಮೇಡಂ ಹೇಳಿದ್ದರು.

"ಥೇಟು ನಮ್ಮ ಹತ್ತಿ ಹಾಗೆ!" ಎಂದರು ಅಪ್ಪ. "ಮೇಲಿನ ಭಾರ ಎದ್ದು ಹೋದ್ರೆ ಸಾಕು, ಕೆಳಗಿರೋದು ತಾನಾಗಿ ಎದ್ದು ಬರುತ್ತೆ."

ಹಾಸಿಗೆಯವರು ಹೇಳಬಾರದ ಮಾತು ಅದು. ಅವರಿಗೆ ಗೊತ್ತಿಲ್ಲದ್ದೂ ಅಲ್ಲ. ಅಷ್ಟು ದೊಡ್ಡ ಭೂಮಿಯೂ ತಮ್ಮ ಕಸುಬಿನ ಹಾಗೇ ನಡೆಯುತ್ತದಲ್ಲ ಎಂಬ ಖುಷಿಯಲ್ಲಿ ಬಾಯಿತಪ್ಪಿ ಬಂದದ್ದು.

ಮಗು ಯೋಚಿಸಿತು. "ನೆಲ ಎದ್ದು ಬಂದ್ರೆ ಸರೋವರದ ನೀರು?"

"ಹರಿದು ಹೋಗುತ್ತೆ."

"ಎಲ್ಲಾ ಖಾಲಿ ಆಗುತ್ತಾ?"

"ನಿಧಾನಕ್ಕೆ."

"ಹಾಗಾದ್ರೆ ಅಮ್ಮನ ಊರಿಂದೂ ಖಾಲಿ ಆಗುತ್ತೆ. ಆಗ ಅಲ್ಲಿ ಕೆಲಸ ಇರಲ್ಲ. ಅಮ್ಮ ಬರ್ತಾಳೆ."

ಅಪ್ಪನಿಗೆ ಕೆಮ್ಮು ಬಂತು. ವರ್ಷಗಳಿಂದ ಎದೆಯೊಳಗೆ ಕೂತಿದ್ದ ಹತ್ತಿಯ ಧೂಳಿನ ಕೆಮ್ಮು ಅದು. ಆದರೆ ಅವತ್ತು ಅವರು ಕೆಮ್ಮುತ್ತ ಹಿತ್ತಲಿಗೆ ಹೋದವರು ಕೆಮ್ಮು ನಿಂತ ಮೇಲೂ ಬಹಳ ಹೊತ್ತು ಒಳಗೆ ಬರಲಿಲ್ಲ. ಕಂಡಕ್ಟರಮ್ಮ ಹೋಗಿ ನೋಡಿದರೆ ನೀರಿನ ತೊಟ್ಟಿಗೆ ಒರಗಿ ನಿಂತಿದ್ದರು.

"ಹೇಳಿಬಿಡಬೇಕು ಕಣಮ್ಮ. ಅವಳು ಕೇಳೋದು ಬಿಟ್ಟಿದ್ದಕ್ಕೆ ನಾವು ಮರೆತಿದಾಳೆ ಅಂದ್ಕೊಂಡಿದ್ವಿ. ಅವಳು ನೀರು ಇಳಿಯೋದನ್ನ ಕಾಯ್ತಿದಾಳೆ."

"ಸ್ಕೂಲಿಗೆ ರಜಾ ಬರಲಿ ಅಪ್ಪ. ಇಬ್ಬರೂ ಕೂತು ಹೇಳೋಣ."

ರಜಾ ಬರುವ ಹೊತ್ತಿಗೆ ಅಪ್ಪ ಆಸ್ಪತ್ರೆಯಲ್ಲಿದ್ದರು. ಮೂಗಿಗೆ ಹಾಕಿದ್ದ ನಳಿಗೆಯನ್ನು ಪಕ್ಕಕ್ಕೆ ಸರಿಸಿ, "ಅವಳಿಗೆ... ನೀನೇ," ಎಂದಷ್ಟೇ ಹೇಳಿದ್ದರು. ಅವಳು ಹೂಂ ಎಂದಿದ್ದಳು.

* * *

"ಒಳಗೆ ಏನು ನಡೀತಿದೆ? ವ್ಯಾನಿನವನು ಹೊರಗೆ ಗೊಣಗ್ತಿದಾನೆ," ಎನ್ನುತ್ತ ದಬ್ಬಣದಕ್ಕ ಕೋಣೆಗೆ ನುಗ್ಗಿದಳು. ಅಪ್ಪನ ಅಂಗಡಿಯಲ್ಲಿ ಎದುರು ಬದುರಾಗಿ ಕೂತು ಹಾಸಿಗೆಯ ಅಂಚು ಹೊಲಿದವಳು. ದಬ್ಬಣಕ್ಕಿಂತ ನಾಲಿಗೆ ಚೂಪು ಎಂದು ಅಪ್ಪನೇ ಇಟ್ಟ ಹೆಸರು. ಬೆಳಗಿನಿಂದ ಅತ್ತು ಅತ್ತು ಅವಳ ಕಣ್ಣು ಕೆಂಡದಂತಾಗಿದ್ದವು. ನಾಲಿಗೆ ಮಾತ್ರ ಹಾಗೇ ಇತ್ತು.

ಕಂಡಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು, "ಇವಳೆದ್ರೆ ತಗ್ಗು ಹೋಗಿಬಿಡುತ್ತಂತೆ. ಹತ್ತಿ ಎದ್ದು ಬರುತ್ತಂತೆ," ಎಂದಳು.

"ಯಾರು ಹೇಳಿದ್ದು ಹಾಗಂತ?"

"ತಾತ," ಎಂದಳು ಸಾಸಿವೆ ಹಾಸಿಗೆಯೊಳಗಿನಿಂದ.

ದಬ್ಬಣದಕ್ಕ ಸೊಂಟದ ಮೇಲೆ ಕೈ ಇಟ್ಟಳು. "ಹತ್ತಿ ತಾನಾಗಿ ಏಳುತ್ತಾ? ಒಂದ್ಸಲ ಕೂತ ಹತ್ತಿ ಕೂತಿದ್ದೇ. ಅದು ತಾನಾಗಿ ಏಳೋ ಹಾಗಿದ್ರೆ ನಮ್ಮ ಅಂಗಡಿಗೆ ಯಾರೇ ಬರ್ತಿದ್ರು? ನಾನೂ ನಿಮ್ಮ ತಾತನೂ ನೊಣ ಹೊಡೀತಾ ಕೂತಿರ್ತಿದ್ವಿ!"

"ತಾತ ಸುಳ್ಳು ಹೇಳಲ್ಲ."

ಸತ್ತವರ ಮೇಲೆ ತಪ್ಪು ಹೊರಿಸಬಾರದು ಎನ್ನುತ್ತಾರೆ. ಅದೂ ಅವರಿನ್ನೂ ಹೊರಗಿನ ಕೋಣೆಯಲ್ಲೇ ಇರುವಾಗ. ದಬ್ಬಣದಕ್ಕ ಬಾಯಿಗೆ ಸೆರಗು ಹಿಡಿದಳು. ಕಂಡಕ್ಟರಮ್ಮ ಮಗುವಿನ ಬೆನ್ನ ಮೇಲೆ ಕೈ ಇಟ್ಟಳು. ಬೆನ್ನು ಬೆವರಿತ್ತು.

"ಸುಳ್ಳಲ್ಲ, ತಪ್ಪು ಹೇಳಿದ್ರು. ನೆಲದ್ದು ನಿಜ, ಹತ್ತಿದು ತಪ್ಪು. ಖುಷಿಯಲ್ಲಿ ಹಾಗಂದ್ಬಿಟ್ರು ಅಷ್ಟೆ. ನಾವು ಬಿಚ್ಚಿ ಹಿಂಜೋವರೆಗೂ ಇದು ಹೀಗೇ ಇರುತ್ತೆ. ಬೇಕಾದ್ರೆ ಎದ್ದು ನೋಡು."

"ಮತ್ತೆ ಎದ್ದು ಬಂದ್ರೆ?"

"ಬಂದ್ರೆ ನೀನು ಮತ್ತೆ ಮಲಗು. ನಾನು ಏನೂ ಅನ್ನಲ್ಲ."

ಸಾಸಿವೆ ತುಂಬ ನಿಧಾನವಾಗಿ, ಮೊದಲು ಮೊಣಕೈ, ಆಮೇಲೆ ಮಂಡಿ ಊರಿ ಎದ್ದಳು. ಪಕ್ಕಕ್ಕೆ ಸರಿದು ಹಾಸಿಗೆಯನ್ನೇ ದಿಟ್ಟಿಸಿದಳು. ಮೂವರೂ ದಿಟ್ಟಿಸಿದರು. ತಲೆ ಇದ್ದ ಜಾಗ, ಭುಜದ ಜಾಗ, ಸೊಂಟದ ಜಾಗ, ಎಲ್ಲ ಹಾಗೆಯೇ ಇದ್ದವು. ಮಗುವಿನ ಭಾರಕ್ಕೆ ಅದು ಏಳಲೂ ಇಲ್ಲ, ಇಳಿಯಲೂ ಇಲ್ಲ. ದಬ್ಬಣದಕ್ಕ ತಡೆಯಲಾರದೆ ಹೊರಗೆ ಹೋದಳು.

"ತಾತ ಎಲ್ಲಿ ಹೋಗ್ತಾರೆ ಈಗ?" ಎಂದಳು ಸಾಸಿವೆ.

ಕಂಡಕ್ಟರಮ್ಮ ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಇಬ್ಬರ ವಿಷಯವನ್ನೂ ಒಂದೇ ಉಸಿರಿಗೆ ಹೇಳಿಬಿಡಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದಳು.

"ತಾತ ಸತ್ತುಹೋಗಿದಾರೆ ಪುಟ್ಟ. ಎಲ್ಲಿಗೂ ಹೋಗಲ್ಲ. ನಾವೇ ಕರ್ಕೊಂಡು ಹೋಗಿ ಮಣ್ಣಲ್ಲಿ ಇಟ್ಟು ಬರ್ತೀವಿ. ಅವರು ಮತ್ತೆ ಬರಲ್ಲ."

"ಯಾವಾಗಲೂ ಬರಲ್ವಾ?"

"ಯಾವಾಗಲೂ."

ಒಂದು ಹೇಳಿಯಾಯಿತು. ಇನ್ನೊಂದು ಉಳಿಯಿತು. ಮಗುವಿನ ಕೆಳತುಟಿ ನಡುಗಿದ್ದನ್ನು ಕಂಡ ಮೇಲೆ ಅದನ್ನು ಹೊರಗೆ ತರುವ ಶಕ್ತಿ ಅವಳಿಗಿರಲಿಲ್ಲ. ಅವಳು ಬಗ್ಗಿ ಮಗುವಿಗೆ ಚಪ್ಪಲಿ ಹಾಕಿದಳು. ಎಡ ಬಲ ಅದಲು ಬದಲಾದದ್ದು ಇಬ್ಬರಿಗೂ ತಿಳಿಯಲಿಲ್ಲ.

* * *

ವ್ಯಾನಿನ ಕಿಟಕಿಗೆ ಮೂಗು ಒತ್ತಿ ಕೂತಿದ್ದ ಸಾಸಿವೆ, "ಇದು ನಿನ್ನ ಬಸ್ಸಿನ ದಾರಿ," ಎಂದಳು.

"ಹೂಂ."

ದಿನಾ ಬೆಳಿಗ್ಗೆ ಕಂಡಕ್ಟರ್ ಸೀಟಿನಲ್ಲಿ ಚಿಕ್ಕಮ್ಮನ ಪಕ್ಕ ಕೂತು ಅವಳು ಶಾಲೆಗೆ ಹೋಗುತ್ತಿದ್ದದ್ದು ಇದೇ ದಾರಿಯಲ್ಲಿ. ಪ್ರತಿ ಸ್ಟಾಪನ್ನೂ ಕಂಡಕ್ಟರಮ್ಮ ಕೂಗುವಾಗ ಸಾಸಿವೆಯೂ ದನಿಗೂಡಿಸುತ್ತಿದ್ದಳು. ಮಿಲ್ಲಿನ ಗೇಟು, ಹಳೇ ಆಸ್ಪತ್ರೆ, ಸೇತುವೆ. ಸೇತುವೆ ದಾಟಿದ ಮೇಲೆ ಉದ್ದನೆಯ ಕಲ್ಲಿನ ಗೋಡೆ, ಗೋಡೆಯ ಮಧ್ಯದಲ್ಲಿ ಕಬ್ಬಿಣದ ಗೇಟು, ಅಲ್ಲೊಂದು ಸ್ಟಾಪು. ಅದನ್ನು ಮಾತ್ರ ಕಂಡಕ್ಟರಮ್ಮ ಕೂಗುತ್ತಿರಲಿಲ್ಲ. ಇಳಿಯುವವರು ತಾವಾಗಿಯೇ ಇಳಿದುಕೊಳ್ಳುತ್ತಿದ್ದರು. ವ್ಯಾನು ಆ ಗೇಟಿನೊಳಕ್ಕೆ ತಿರುಗಿತು.

ಅಪ್ಪನಿಗೆ ಜಾಗ ಅಕ್ಕನ ಪಕ್ಕದಲ್ಲೇ ಸಿಕ್ಕಿತ್ತು. ಅದು ಅವರೇ ಕೇಳಿಕೊಂಡದ್ದು. ಅಂಗಡಿಗೆ ರಜೆ ಇದ್ದ ದಿನಗಳಲ್ಲಿ ಹತ್ತಿ ತರಲು ಹೋಗುತ್ತೇನೆಂದು ಮಗುವಿಗೆ ಹೇಳಿ ಅವರು ಇಲ್ಲಿಗೆ ಬಂದು ಕೂತು ಹೋಗುತ್ತಿದ್ದರು. ಪೆಟ್ಟಿಗೆ ಇಳಿಸುವಾಗ ಸಾಸಿವೆ ಅಳಲಿಲ್ಲ. ಹಗ್ಗ ಹಿಡಿದವರ ಕೈಗಳನ್ನೇ ನೋಡುತ್ತಿದ್ದಳು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದಾಗ ಅವಳೂ ಹಾಕಿದಳು. ಗುಂಡಿ ತೋಡುವವನು ಸಲಿಕೆ ಎತ್ತಿಕೊಂಡ. ಅಪ್ಪ ಕಾಣದಾದರು, ಪೆಟ್ಟಿಗೆ ಕಾಣದಾಯಿತು, ಗುಂಡಿ ತುಂಬಿತು, ಮೇಲೆ ಗುಡ್ಡೆ ಎದ್ದಿತು. ಕಂಡಕ್ಟರಮ್ಮನಿಗೆ ಆಗ ಅಳು ಬಂತು. ತಡೆಯಲಿಲ್ಲ, ತಡೆಯಬೇಕೆಂದು ಅನ್ನಿಸಲೂ ಇಲ್ಲ. ಬೀದಿಯವರು ಒಬ್ಬೊಬ್ಬರೇ ಬಂದು ಅವಳ ಕೈ ಹಿಡಿದು, ಗೇಟಿನ ಕಡೆ ನಡೆದರು.

ಗುಂಡಿ ತೋಡುವವನು ಸಲಿಕೆಯನ್ನು ಕಾಲಿಗೆ ಒರಗಿಸಿ ಬೆವರು ಒರೆಸಿಕೊಂಡ. "ಇನ್ನೂ ಮಣ್ಣು ಮಿಕ್ಕಿದೆ ಅಮ್ಮಾ. ಪೆಟ್ಟಿಗೆ ಜಾಗ ಹಿಡಿಯುತ್ತಲ್ಲ, ಯಾವಾಗಲೂ ಅಷ್ಟು ಮಿಗುತ್ತೆ. ಪಕ್ಕದ್ದು ಚೆನ್ನಾಗಿ ಕೂತುಬಿಟ್ಟಿದೆ. ಅದಕ್ಕೆ ಹಾಕಿಬಿಡಲಾ?"

ಅಕ್ಕನ ಮಣ್ಣು ನಾಲ್ಕು ಮಳೆಗಾಲದಲ್ಲಿ ಕುಸಿದು ಸುತ್ತಲಿನ ನೆಲಕ್ಕಿಂತ ಕೆಳಗೆ ಇಳಿದಿತ್ತು. ಮೊನ್ನೆಯ ಮಳೆಯ ನೀರು ಅದರಲ್ಲಿ ನಿಂತಿತ್ತು. ಕೆಂಪಗೆ, ಒಂದು ಗೇಣು ಆಳ. ಒಂದೆರಡು ಒಣಗಿದ ಎಲೆಗಳು.

"ಪಕ್ಕದ್ದು ಯಾರದು?" ಎಂದಳು ಸಾಸಿವೆ.

"ಯಾರದೋ, ಪುಟ್ಟಿ. ನಡಿ, ಹೊತ್ತಾಯ್ತು," ಎಂದು ದೊಡ್ಡಪ್ಪ ಅವಳ ಭುಜ ಹಿಡಿದರು.

"ಯಾರದೋ ಅಲ್ಲ," ಎಂದಳು ಕಂಡಕ್ಟರಮ್ಮ. ಬಸ್ಸಿನಲ್ಲಿ ಕೂಗುವ ದನಿಯಲ್ಲಿ ಅಲ್ಲ, ಮನೆಯ ದನಿಯಲ್ಲೂ ಅಲ್ಲ. "ನಿಮ್ಮಮ್ಮಂದು."

ಸಾಸಿವೆ ಅವಳ ಮುಖ ನೋಡಿದಳು. ದೊಡ್ಡಪ್ಪನ ಮುಖ ನೋಡಿದಳು. ಅವರು ಎಲ್ಲಿ ನೋಡುವುದೆಂದು ತಿಳಿಯದೆ ತಮ್ಮ ಚಪ್ಪಲಿ ನೋಡಿಕೊಂಡರು. ಇಲ್ಲಿ ಯಾವ ಗೋಡೆಯೂ ಇರಲಿಲ್ಲ.

"ಅಮ್ಮ ಸರೋವರದ ಊರಲ್ಲಿದಾಳೆ."

"ಇಲ್ಲ ಕಣೇ. ಆ ಊರೇ ಇಲ್ಲ. ಅಮ್ಮಂಗೆ ಜ್ವರ ಬಂದಿತ್ತಲ್ಲ, ಅವತ್ತೇ ಸತ್ತುಹೋದಳು. ಇಲ್ಲೇ ಇಟ್ಟಿದೀವಿ."

"ಅವತ್ತಿಂದಲೂ ಇಲ್ಲೇ ಇದ್ಲಾ?"

"ಹೂಂ."

"ನಾವು ಬಸ್ಸಲ್ಲಿ ಹೋಗುವಾಗಲೂ?"

"ಆಗಲೂ."

"ದಿನಾಲೂ?"

ಕಂಡಕ್ಟರಮ್ಮ ಹೌದೆಂದು ತಲೆ ಆಡಿಸಿದಳು. ಸಾಸಿವೆ ಬಂದು ತಲೆಯಿಂದಲೇ ಅವಳ ಹೊಟ್ಟೆಗೆ ಗುದ್ದಿದಳು. ಆಮೇಲೆ ಮುಷ್ಟಿಗಳಿಂದ. ಒಂದಾದ ಮೇಲೊಂದು, ಹತ್ತಿ ಬಡಿದ ಹಾಗೆ. ಬಾಯಿಂದ ಮಾತು ಬರುತ್ತಿರಲಿಲ್ಲ, ಏದುಸಿರು ಬರುತ್ತಿತ್ತು. ದೊಡ್ಡಪ್ಪ ಬಿಡಿಸಲು ಬಂದಾಗ ಕಂಡಕ್ಟರಮ್ಮ, "ಬಿಡಿ ದೊಡ್ಡಪ್ಪ, ಹೊಡೀಲಿ," ಎಂದಳು. ಮಗು ಸಾಕಾಗುವವರೆಗೆ ಹೊಡೆಯಿತು. ಸಾಕಾದ ಮೇಲೆ ಅದೇ ಹೊಟ್ಟೆಗೆ ಮುಖ ಒತ್ತಿಕೊಂಡು, ನಾಲ್ಕು ವರ್ಷ ಕಾಯುತ್ತ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಿತು.

ಗುಂಡಿ ತೋಡುವವನು ಇಂಥವನ್ನು ಬಹಳ ಕಂಡವನು. ಅತ್ತ ತಿರುಗಿ ಬೀಡಿ ಹಚ್ಚಿದ, ಪೂರ್ತಿ ಸೇದಿದ. ಆಮೇಲೆ ಮೆಲ್ಲಗೆ, "ಹಾಕೋದಾ ಬೇಡವಾ ಅಮ್ಮಾ?" ಎಂದ.

ಸಾಸಿವೆ ಮುಖ ಎತ್ತಿದಳು. ಹೋಗಿ ಆ ನೀರಿನ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತಳು.

"ಇದನ್ನ ನೀವು ತೋಡಿದ್ದಾ?"

"ಇಲ್ಲ ಪುಟ್ಟಿ. ನಾನು ಮುಚ್ಚಿ ಗುಡ್ಡೆ ಮಾಡಿದ್ದೆ. ಈ ತಗ್ಗು ಯಾರೂ ತೋಡಿಲ್ಲ."

ಅವಳು ಅದನ್ನು ಕೇಳಿಸಿಕೊಂಡಳು. ಎಲೆಗಳನ್ನು ಒಂದೊಂದಾಗಿ ಎತ್ತಿ ಆಚೆ ಹಾಕಿದಳು. ಆಮೇಲೆ ಅಪ್ಪನ ಗುಡ್ಡೆಯ ಪಕ್ಕ ಮಿಕ್ಕಿದ್ದ ಮಣ್ಣಿನ ಕಡೆ ಬೆರಳು ತೋರಿಸಿದಳು.

"ಅದು ತಾತಂದಾ?"

"ನಿಮ್ಮ ತಾತ ಇರೋ ಜಾಗದ್ದು."

"ನಾನೇ ಹಾಕ್ತೀನಿ."

ಅವನು ಬುಟ್ಟಿ ಕೊಡಲು ಹೋದ, ಅವಳಿಗೆ ಎತ್ತಲಾಗಲಿಲ್ಲ. ಲಂಗದ ಮುಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲು ಮಾಡಿಕೊಂಡಳು. ಕಂಡಕ್ಟರಮ್ಮ ಬೊಗಸೆಯಿಂದ ಅದಕ್ಕೆ ಮಣ್ಣು ತುಂಬಿದಳು. ಸಾಸಿವೆ ಸುರಿದಳು, ಮತ್ತೆ ಬಂದಳು, ಸುರಿದಳು. ಮಣ್ಣು ಬಿದ್ದಷ್ಟೂ ನೀರು ಮೇಲೆ ಬಂತು. ಒಂದು ಕಡೆ ಅಂಚು ದಾಟಿ ಹುಲ್ಲಿನೊಳಗೆ ಹರಿದು ದೊಡ್ಡಪ್ಪನ ಪಾದಗಳನ್ನು ಒದ್ದೆ ಮಾಡಿತು. ಅವರು ಸರಿಯಲಿಲ್ಲ.

ಗೇಟಿನಾಚೆ ವ್ಯಾನಿನವನು ಹಾರನ್ ಹೊಡೆದ. ಕಂಡಕ್ಟರಮ್ಮ ಅವನ ಕಡೆ ತಿರುಗದೆ, ಕೂತಲ್ಲಿಂದಲೇ, ಇನ್ನೂ ಹತ್ತುವವರಿದ್ದಾರೆ ಎಂದು ಬಸ್ಸಿನ ಡ್ರೈವರನಿಗೆ ತೋರಿಸುವಂತೆ ಕೈ ಎತ್ತಿದಳು.

ದೊಡ್ಡಪ್ಪ ಹೆಗಲ ಮೇಲಿನ ಶಾಲು ತೆಗೆದರು. ಮಂಡಿ ಹಿಡಿದುಕೊಂಡು ಕಷ್ಟಪಟ್ಟು ನೆಲಕ್ಕೆ ಕೂತು, ಅದನ್ನು ಹುಲ್ಲಿನ ಮೇಲೆ ಹರಡಿ, ಕೈಯಿಂದ ಮಣ್ಣು ಎಳೆದು ತುಂಬಿದರು. ಸಾಸಿವೆ ಮಡಿಲು ತುಂಬಿಕೊಂಡು, ಅದಲು ಬದಲಾದ ಚಪ್ಪಲಿಯಲ್ಲಿ ತಾತನಿಂದ ಅಮ್ಮನ ಕಡೆಗೆ ಮತ್ತೆ ಹೊರಟಳು. ಅವಳ ಹಿಂದೆ ದೊಡ್ಡಪ್ಪ, ಶಾಲಿನ ನಾಲ್ಕೂ ತುದಿಗಳನ್ನು ಎದೆಗೆ ಹಿಡಿದು, ಒಂದು ಹರಳೂ ಚೆಲ್ಲದಂತೆ ಹೆಜ್ಜೆ ಹುಡುಕಿ ಹುಡುಕಿ ಇಡುತ್ತ ಬಂದರು.